ಜೆಸಿಂತಾ ನೆಟ್ಟಗೆ ಮಾಡಿದ ಕೈ

ಮುಟ್ಟುವ ಮೊದಲು ಜೆಸಿಂತಾ ತನ್ನ ಅಂಗೈಗಳನ್ನು ಬಿಸಿಯಾಗುವ ತನಕ ಉಜ್ಜುತ್ತಿದ್ದಳು. ಮತ್ತೆ ಒಂದೇ ಬೆರಳನ್ನು ನನ್ನ ತೋಳಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು, ಗೋಡೆಯಾಚೆಯ ಮಾತಿಗೆ ಕಿವಿಗೊಟ್ಟವರ ಹಾಗೆ. ಪಾರ್ಶ್ವವಾಯು ಬಡಿದು ನನ್ನ ಬಲಗೈ ಮೊಣಕೈಯಲ್ಲಿ ಮಡಚಿ ಎದೆಗಂಟಿ ಕೂತಿತ್ತು. ಅದನ್ನು ಸಡಿಲಿಸಲು ಬೆಳ್ತಂಗಡಿಯ ಒಂದು ಆಸ್ಪತ್ರೆಯವರು ಮೂಡುಬಿದಿರೆ ಕಡೆಯ ಈ ಫಿಸಿಯೊಥೆರಪಿ ಹುಡುಗಿಯನ್ನು ವಾರಕ್ಕೆ ಮೂರು ದಿನ ಲಾಯಿಲದ ನಮ್ಮ ಮನೆಗೆ ಕಳಿಸುತ್ತಿದ್ದರು.

ಪುಂಜಾಲಕಟ್ಟೆಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವನು ನಾನು. ಚಾ ಎತ್ತಿ ಹೊಯ್ಯುವ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಮತ್ತೆ ಆ ಒಲೆಯ ಮುಂದೆ ನಿಲ್ಲಬೇಕೆಂಬುದೊಂದೇ ಆಸೆ. ಅದನ್ನು ಕೇಳಿ ಅವಳು ಪಾಠ ಶುರು ಮಾಡಿದಳು. ತೋಳಿನ ಮುಂದಿನ ಸ್ನಾಯು ಅಣ್ಣನಂತೆ, ಹಿಂದಿನದು ತಮ್ಮನಂತೆ.

“ಇವರಿಗೆ ಎಳೆಯಲಿಕ್ಕೆ ಮಾತ್ರ ಗೊತ್ತುಂಟು ಅಜ್ಜ, ದೂಡಲಿಕ್ಕೆ ಗೊತ್ತಿಲ್ಲ. ಅಣ್ಣ ಎಳೆದರೆ ಕೈ ಮಡಚ್ತದೆ, ತಮ್ಮ ಎಳೆದರೆ ನೆಟ್ಟಗಾಗ್ತದೆ. ಒಬ್ಬ ಎಳೆಯುವಾಗ ಇನ್ನೊಬ್ಬ ಬಿಡಬೇಕು. ನಿಮ್ಮ ಅಣ್ಣ ಬಿಡುವ ಜನ ಅಲ್ಲ.”

ಒಂದು ದಿನ ನನ್ನ ಎಡಗೈಗೆ ನೀರು ತುಂಬಿದ ಚೆಂಬು ಕೊಟ್ಟು, ಕಣ್ಣು ಮುಚ್ಚಿ ಮೆಲ್ಲನೆ ಕೆಳಗಿಳಿಸಲು ಹೇಳಿದಳು. ಗಮನಿಸಿದೆ. ಕೈ ತಾನಾಗಿ ಇಳಿಯುತ್ತಿರಲಿಲ್ಲ. ಬಾವಿಗೆ ಕೊಡಪಾನ ಇಳಿಸುವವರು ಹಗ್ಗ ಬಿಡುವಂತೆ ಅಣ್ಣನೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದ. ಹೆಗಲ ಸುತ್ತಲಿನವರು ಅಲುಗಾಡದೆ ಕಂಬ ಹಿಡಿದು ನಿಂತಿದ್ದರು. ಮಣಿಕಟ್ಟಿನವರು ಚೆಂಬು ವಾಲದಂತೆ ನೋಡಿಕೊಳ್ಳುತ್ತಿದ್ದರು. ನಲವತ್ತು ವರ್ಷ ಚಾ ಹೊಯ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಒಳಗೆ ಇಷ್ಟು ಜನ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ದುಡಿದಿದ್ದರು. ನನಗೆ ಮೈ ಜುಮ್ಮೆಂದಿತು.

ಆದರೂ ಮೂರು ತಿಂಗಳಿಗೆ ಕೈ ಅರ್ಧ ಮಾತ್ರ ಬಿಚ್ಚಿತು. ಹೋಟೆಲಿನ ಹಳೆಯ ಗಿರಾಕಿಯೊಬ್ಬ ಬಂದು, ಕನ್ಯಾನದಾಚೆ ಒಬ್ಬ ನಾಟಿ ವೈದ್ಯನಿದ್ದಾನೆ, ಒಂದೇ ಎಳೆತಕ್ಕೆ ಸರಿ ಮಾಡುತ್ತಾನೆ ಎಂದ. “ಈ ಹುಡುಗಿ ಕೈ ಉಜ್ಜಿಕೊಂಡು ಕೂತರೆ ನೀನು ಚಾ ಹೊಯ್ಯುವುದು ಯಾವಾಗ ಮಾರಾಯ?”

ಅಂಥವರ ಹತ್ತಿರ ಹೋಗಬಾರದೆಂದು ಮಗಳು ಕಟ್ಟಪ್ಪಣೆ ಮಾಡಿದ್ದಳು. ಅವಳು ಕೆಲಸಕ್ಕೆ ಹೋದ ಮೇಲೆ ಆಟೋ ಹಿಡಿದು ಹೋದೆ. ಆತ ನನ್ನ ತೋಳನ್ನು ಮೊಣಕಾಲಿನಡಿ ಒತ್ತಿ ಹಿಡಿದು ಎಳೆದ. ಒಳಗೆ ಏನೋ ಹರಿದಂತಾಯಿತು. ಸಂಜೆಗೆ ಮೊಣಕೈ ಊದಿ ಕೆಂಪೇರಿತು. ಮಗಳು ಕೇಳಿದಾಗ ಹೆದರಿ, ಜೆಸಿಂತಾ ನಿನ್ನೆ ಜೋರಾಗಿ ಎಳೆದಳು ಎಂದುಬಿಟ್ಟೆ. ಮಗಳು ಆಸ್ಪತ್ರೆಗೆ ಫೋನು ಮಾಡಿ ಜಗಳವಾಡಿದಳು.

ಮರುದಿನ ಡಾಕ್ಟರರ ಜೊತೆ ಜೆಸಿಂತಾ ಬಂದಳು. ಅಂದೂ ಅಂಗೈ ಉಜ್ಜಿಯೇ ಮುಟ್ಟಿದಳು. ನನ್ನ ತೋಳಿನ ಮೇಲೆ ದಪ್ಪ ಹೆಬ್ಬೆರಳುಗಳ ನೀಲಿ ಗುರುತಿತ್ತು. ಅವಳ ಬೆರಳೋ, ಸಪೂರ.

“ಅಜ್ಜ, ಬೇರೆ ಯಾರಾದರೂ ಮುಟ್ಟಿದ್ದಾರಾ?”

“ಇಲ್ಲ” ಎಂದೆ.

ಅವಳು ಎರಡನೆಯ ಸಲ ಕೇಳಲಿಲ್ಲ. ಆ ವಾರದಿಂದ ಆಸ್ಪತ್ರೆಯವರು ಅವಳನ್ನು ಯಾರ ಮನೆಗೂ ಕಳಿಸಲಿಲ್ಲವೆಂದು ಆಮೇಲೆ ತಿಳಿಯಿತು.

ಊತ ಇಳಿದ ಮೇಲೆ ಅವಳು ಕಲಿಸಿದ್ದನ್ನೇ ದಿನಾ ಮಾಡಿದೆ. ಎಳೆಯುವ ಅಣ್ಣನನ್ನು ಬೈಯಲಿಲ್ಲ, ಮಲಗಿದ ತಮ್ಮನನ್ನು ಮೆಲ್ಲನೆ ಎಬ್ಬಿಸಿದೆ. ಒಂದು ಬೆಳಿಗ್ಗೆ ಮೊಣಕೈ ತಾನಾಗಿ ಬಿಚ್ಚಿಕೊಂಡಿತು. ನೋಡುತ್ತಾ ಕೂತೆ. ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಜೆಸಿಂತಾ ಕೆಲಸ ಬಿಟ್ಟು ಮಸ್ಕತ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಅವಳ ಜಾಗಕ್ಕೆ ಬಂದವನು ನನ್ನ ಫೈಲು ತೆಗೆದು, ಅವಳು ಕೊನೆಯ ದಿನ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದ: “ಇವರಿಗೆ ಕೈ ಮತ್ತೆ ಸರಿಯಾಗುವುದಿಲ್ಲ ಅಂತ ಹೆದರಿಕೆ ಉಂಟು. ಮೊದಲು ಮಾತಾಡಿಸಿ, ಮತ್ತೆ ಮುಟ್ಟಿ.” ನನ್ನ ಸುಳ್ಳಿನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ನಾನು ನಡೆದದ್ದನ್ನೆಲ್ಲ ಹೇಳಿ, ಅದರ ಕೆಳಗೇ ಬರೆಯಿರಿ ಎಂದೆ. ಮಗಳು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವನು ಬರೆದು ಮುಗಿಸಿದ ಮೇಲೆ ಪೆನ್ನು ಕೇಳಿಕೊಂಡು, ಬಲಗೈ ಚಾಚಿ ಸಹಿ ಹಾಕಿದೆ.