ನಮ್ಮ ಮನೆ ತಂಪು ಎಂಬ ಮಾತು

ಅವತ್ತು ಸಂತೆಯ ದಿನ. ನಾನು ಅಂಗಡಿಗೆ ಹೊರಟಾಗ ಹೆಂಡತಿ ಬಾಗಿಲ ತನಕ ಬಂದು, "ಬರುವಾಗ ಎರಡು ಗೋಣಿಚೀಲ ತನ್ನಿ. ಹಳೇವಾದರೂ ಅಡ್ಡಿಯಿಲ್ಲ, ತೂತು ಇರಬಾರದು" ಅಂದಳು. ಏತಕ್ಕೆ ಎಂದು ನಾನು ಕೇಳಲಿಲ್ಲ. ಕಾಳು ಕಡಿ ತುಂಬಿಡುವುದಕ್ಕಿರಬೇಕು ಅಂದುಕೊಂಡೆ. ಸಂಜೆ ತಂದು ಪಡಸಾಲೆಯ ಮೂಲೆಗೆ ಹಾಕಿದೆ. ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ. ಪಲ್ಯಕ್ಕೆ ಉಪ್ಪು ಸ್ವಲ್ಪ ಮುಂದಾಗಿತ್ತು. ಹಾಗಂತ ಹೇಳಿದೆ ಕೂಡ. ಮಾರನೆಯ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಮೂರನೆಯ ದಿನ ಸರ್ವಮಂಗಳ ತೀರಿಕೊಂಡಳು. ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು.

ಇದಿಷ್ಟು ಹೇಳಿದ ಮೇಲೆ ನನ್ನ ಒಂದು ಜಂಬದ ಸಂಗತಿಯನ್ನೂ ಹೇಳಿಬಿಡಬೇಕು. ಶಿರಾಳಕೊಪ್ಪದಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಅದರಿಂದ ಹೊಟ್ಟೆ ತುಂಬಿತೇ ಹೊರತು ಹೆಸರೇನೂ ಬರಲಿಲ್ಲ. ಹೆಸರು ಬಂದದ್ದು ಮನೆಯಿಂದ. ಇಪ್ಪತ್ತು ವರ್ಷದ ಹಿಂದೆ, ನಮ್ಮ ಬೀದಿಯವರೆಲ್ಲ ಹಂಚಿನ ಕೆಳಗಿದ್ದ ಕಾಲದಲ್ಲಿ, ನಾನು ಸಿಮೆಂಟಿನ ತಾರಸಿ ಹಾಕಿಸಿದೆ. ಯಾವ ಇಂಜಿನಿಯರನ್ನೂ ಕೇಳದೆ ಅಂಗಡಿಯ ಬಿಲ್ ಪುಸ್ತಕದ ಹಿಂದೆ ನಾನೇ ಪ್ಲಾನು ಬರೆದೆ. ಸರ್ವಮಂಗಳ ಸೊರಬದ ಕಡೆಯ ಹೊಸಬಾಳೆಯವಳು, ಸೂರು ಇಳಿಬಿಟ್ಟ ಹಂಚಿನ ಮನೆಯಲ್ಲಿ ಬೆಳೆದವಳು. ಪ್ಲಾನು ನೋಡಿ ಒಂದೇ ಮಾತು ಹೇಳಿದ್ದಳು: "ಪಡುವಣ ಗೋಡೆಗೆ ಬಿಸಿಲು ನೇರ ಹೊಡೆಯುತ್ತದಲ್ಲ?" ರಸ್ತೆ ಆ ಕಡೆಗಿದೆ, ಮನೆ ಜನರಿಗೆ ಕಾಣಬೇಡವೇ ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಮನೆ ಕಟ್ಟಿ ಮುಗಿಯಿತು. ಮನೆ ತಂಪಾಗಿತ್ತು. ಚೈತ್ರ ವೈಶಾಖದಲ್ಲಿ ಬಂದ ನೆಂಟರು ನಡುಮನೆಯಲ್ಲಿ ಟವೆಲು ಹಾಸಿ ಮಲಗಿದರೆ ನಾಲ್ಕು ಗಂಟೆಯ ಚಹಾದ ತನಕ ಏಳುತ್ತಿರಲಿಲ್ಲ. ನಾನು ಅಂಗಡಿಯ ರಜೆಯ ದಿನ ಅವರೆದುರು ಕೂತು ಗೋಡೆಯ ದಪ್ಪ, ಕಿಟಕಿಯ ಅಳತೆ, ಗಾಳಿ ಬರುವ ದಾರಿ, ಹೋಗುವ ದಾರಿ ಎಲ್ಲ ವಿವರಿಸುತ್ತಿದ್ದೆ. ತಾರಸಿ ಮನೆ ಬಿಸಿಲಿಗೆ ಕಾಯುತ್ತದೆ ಎಂದವರಿಗೆ, ಕಟ್ಟುವ ಬುದ್ಧಿ ಬೇಕಪ್ಪಾ ಎನ್ನುತ್ತಿದ್ದೆ. ಸರ್ವಮಂಗಳ ಮಜ್ಜಿಗೆ ಕೊಟ್ಟು ಒಳಗೆ ಹೋಗುತ್ತಿದ್ದಳು.

ಅವಳು ಹೋದ ಆ ಬೇಸಿಗೆಯಲ್ಲಿ ಸೆಕೆ ಬಹಳವಾಯಿತು. ಈ ವರ್ಷ ಬಿಸಿಲು ಜೋರು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಪ್ರತಿ ವರ್ಷದ್ದೇ ಅಲ್ಲೇನ್ರೀ ಎಂದು ಅವರು ನನ್ನ ಮುಖ ನೋಡಿದರು. ಹಾಗಾದರೆ ಇದು ದುಃಖದ ಕಾವಿರಬೇಕು, ಮೈಯೊಳಗಿನದು ಅಂದುಕೊಂಡೆ. ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟು ಆ ನಡುಮನೆಯಲ್ಲಿ ಕೂರುವುದು ನನ್ನಿಂದ ಆಗಲಿಲ್ಲ. ಮನೆ ಮಾರಿ, ಸೊರಬದಲ್ಲಿ ಮಗಳ ಮನೆಯ ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನಿಸಿದೆ. ಮನೆ ಮಾರಾಟವಾದರೆ ಉಸಿರಾಡಬಹುದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಕೊಳ್ಳಲು ಬಂದವರು ಶಿಕಾರಿಪುರದ ಗೊಬ್ಬರದ ವ್ಯಾಪಾರಿ ರುದ್ರಪ್ಪ. ಜೊತೆಗೆ ಅವರ ತಾಯಿ, ಮತ್ತೊಬ್ಬ ನಿವೃತ್ತ ಓವರ್‌ಸಿಯರ್. ಆ ತಾಯಿಯದೊಂದು ಪದ್ಧತಿ. ಯಾವ ಮನೆ ಕೊಳ್ಳುವುದಿದ್ದರೂ ಬುತ್ತಿ ಕಟ್ಟಿಕೊಂಡು ಬಂದು, ಆ ಮನೆಯಲ್ಲೇ ಮಧ್ಯಾಹ್ನದ ಊಟ ಮಾಡಿ, ಒಂದು ನಿದ್ದೆ ತೆಗೆದ ಮೇಲೆಯೇ ಮಾತು. ನನಗೆ ಸಂತೋಷವೇ ಆಯಿತು. ಈ ಪರೀಕ್ಷೆಯಲ್ಲಿ ನನ್ನ ಮನೆಗೆ ನೂರಕ್ಕೆ ನೂರು ಎಂದು ಚಾಪೆ ಹಾಸಿಕೊಟ್ಟೆ. ಆ ತಾಯಿ ಕಾಲು ಗಂಟೆಗೆ ಎದ್ದು ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. "ಕಾದ ಹೆಂಚಿನ ಮ್ಯಾಲೆ ಮಲಗಿದಂಗೈತಿ" ಅಂದರು.

ಓವರ್‌ಸಿಯರ್ ಅಷ್ಟರಲ್ಲಿ ಮನೆಯೆಲ್ಲ ಸುತ್ತಿ ಒಂದು ಹಾಳೆ ಬರೆದಿದ್ದರು. ಗಾಳಿ ಕಡಿಮೆ. ಬೆಳಕು ಸಾಧಾರಣ. ತಾಪ ಬಹಳ. ಕರೆಂಟಿನ ಖರ್ಚು ಹೆಚ್ಚು ಬೀಳುತ್ತದೆ. ನನ್ನ ಮಗಳು ಶಾಲೆಯಿಂದ ತರುತ್ತಿದ್ದ ಅಂಕಪಟ್ಟಿಗಳೇ ಎಷ್ಟೋ ವಾಸಿಯಾಗಿದ್ದವು. ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದೆ. ಅವರು ಹಳೆಯ ಕರೆಂಟ್ ಬಿಲ್ಲುಗಳನ್ನು ಕೇಳಿದರು. ಸರ್ವಮಂಗಳ ಎಲ್ಲವನ್ನೂ ಒಂದು ತಂತಿಗೆ ಚುಚ್ಚಿ ಇಟ್ಟಿದ್ದಳು. ಅವನ್ನು ತಿರುವಿ ನೋಡಿ ಓವರ್‌ಸಿಯರ್ ಕೇಳಿದರು: "ಫ್ಯಾನ್ ಇಲ್ಲದೆ ಈ ಮನೆಯಲ್ಲಿ ಮನುಷ್ಯರು ಕೂರೋಕಾಗಲ್ಲ. ಬಿಲ್ ನೋಡಿದರೆ ಬೇಸಿಗೆಯಲ್ಲೂ ಬರೀ ದೀಪದಷ್ಟೇ ಇದೆ. ಮೀಟರಿಗೆ ಏನಾದರೂ ಮಾಡಿಸಿದ್ರೇನು?"

ಮೂವತ್ತು ವರ್ಷ ಬಟ್ಟೆ ಅಳೆದವನು ನಾನು. ಗೇಣು ಹೆಚ್ಚು ಕೊಟ್ಟಿದ್ದೇನೆ, ಕಡಿಮೆ ಕೊಟ್ಟಿಲ್ಲ. ಉತ್ತರ ಕೊಟ್ಟದ್ದು ಪಕ್ಕದ ಮನೆಯ ಹಾಲಮ್ಮ. ಕಾಂಪೌಂಡಿನ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಮೀಟರಿಗ್ಯಾಕ್ರೀ ಕೆಟ್ಟ ಹೆಸರು? ಆಯಮ್ಮ ಇದ್ದಾಗ ಈ ಮನೆಗೆ ಫ್ಯಾನ್ ಯಾಕೆ ಬೇಕಾಗಿತ್ತು?" ಎಂದು ಒಳಗೇ ಬಂದಳು.

ಅವಳು ಹೇಳಿದ್ದು ಇಷ್ಟು. ಶಿವರಾತ್ರಿ ಕಳೆದ ಮೇಲೆ ಮಳೆಗಾಲ ಹಿಡಿಯುವ ತನಕ, ನಾನು ಅಂಗಡಿಗೆ ಹೋದ ಕೂಡಲೇ ಸರ್ವಮಂಗಳ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದಳು. ತಾರಸಿಯ ಮೇಲೆ ಭತ್ತದ ಹುಲ್ಲು ಹರಡಿ, ಬಾವಿಯಿಂದ ನೀರು ಸೇದಿ, ಕೊಡದಲ್ಲಿ ಹೊತ್ತು ಹುಲ್ಲಿಗೆ ಹಾಕುತ್ತಿದ್ದಳು. ಊಟದ ಹೊತ್ತಿಗೆ ಪಡುವಣ ಕಿಟಕಿಗಳನ್ನು ತೆರೆದು ಒದ್ದೆ ಗೋಣಿ ಕಟ್ಟುತ್ತಿದ್ದಳು. ಇಪ್ಪತ್ತು ಬೇಸಿಗೆ ಇದೇ ಕೆಲಸ.

ರುದ್ರಪ್ಪನ ತಾಯಿ ನನ್ನ ಕಡೆ ತಿರುಗಿದರು. "ನೀವೂ ಇದೇ ಮನ್ಯಾಗ ಇದ್ದಿರಲ್ಲಪ್ಪಾ, ನಿಮಗ ತಿಳೀಲಿಲ್ಲೇನು?"

"ಇಲ್ಲ" ಅಂದೆ.

ಗೋಣಿ ನನ್ನ ಕಣ್ಣಿಗೆ ಬಿದ್ದೇ ಇರಬೇಕು. ರಜೆಯ ದಿನ ಅದರ ಕೆಳಗೇ ಮಲಗಿರಬೇಕು. ಒಗೆದು ಒಣಗಹಾಕಿದ್ದಾಳೆ ಅಂದುಕೊಂಡಿರಬೇಕು. ತಾರಸಿಯ ಹುಲ್ಲನ್ನು ಎಮ್ಮೆಗೆಂದು ತಿಳಿದಿದ್ದೆ. ನಮ್ಮ ಮನೆಯಲ್ಲಿ ಎಮ್ಮೆಯಿರಲಿಲ್ಲ.

ಮನೆಯ ಪತ್ರದಲ್ಲಿ ಚಕ್ಕುಬಂದಿ ಎಂದು ಬರೆದಿರುತ್ತಾರೆ. ಪೂರ್ವಕ್ಕೆ ಯಾರ ಜಾಗ, ಪಶ್ಚಿಮಕ್ಕೆ ಯಾವ ರಸ್ತೆ, ಬಾಗಿಲೆಷ್ಟು, ಬಾವಿಯಲ್ಲಿ ಹಕ್ಕೆಷ್ಟು. ಅಂದು ನನ್ನ ಪತ್ರವನ್ನು ಮೊದಲಿಂದ ಕೊನೆಯ ತನಕ ಓದಿದೆ. ಮನೆ ಎಂದು ನಾನು ಮಾರಲು ಹೊರಟದ್ದು ಬರೀ ಆ ಪತ್ರದಲ್ಲಿದ್ದುದನ್ನು. ಓವರ್‌ಸಿಯರ್ ತಪ್ಪು ಬರೆದಿರಲಿಲ್ಲ. ಅವರು ನನ್ನ ಪ್ಲಾನಿಗೆ ಅಂಕ ಕೊಟ್ಟಿದ್ದರು, ನನ್ನ ಪ್ಲಾನಿಗೆ ಎಷ್ಟು ಸಲ್ಲಬೇಕೋ ಅಷ್ಟೇ.

ಆ ತಾಯಿ ನ್ಯಾಯಸ್ಥರು. ಗೋಣಿ ಕಟ್ಟಿಡಿ, ವಾರ ಬಿಟ್ಟು ಮತ್ತೆ ಮಲಗಿ ನೋಡುತ್ತೇನೆ ಅಂದು ಹೋದರು. ಮೂಲೆಯಲ್ಲಿ ಆ ಎರಡು ಗೋಣಿಚೀಲ ನಾನು ಹಾಕಿದಂತೆಯೇ ಬಿದ್ದಿದ್ದವು. ಬಿಡಿಸಿ ನೋಡಿದೆ. ಎರಡಕ್ಕೂ ತೂತಿರಲಿಲ್ಲ, ಕಿಟಕಿಗೆ ಸರಿಯಾದ ಅಳತೆ. ಒದ್ದೆ ಗೋಣಿ ಎಷ್ಟು ಭಾರವೆಂಬುದು ಆಗ ತಿಳಿಯಿತು. ನಾಲ್ಕು ಕೊಡ ನೀರು ತಾರಸಿಗೆ ಏರಿಸುವಷ್ಟರಲ್ಲಿ ನಾನು ಎರಡು ಸಲ ಮೆಟ್ಟಿಲ ಮೇಲೆ ಕೂತೆ.

ಎರಡನೆಯ ಸಲ ಆ ತಾಯಿ ಚೆನ್ನಾಗಿಯೇ ನಿದ್ದೆ ಮಾಡಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಆದರೆ ಇಳಿಹೊತ್ತಿಗೆ ಮನೆಯೊಳಗೆ ಹಬೆ ತುಂಬಿದಂತಾಯಿತು. ಹೊರಗೆ ಗಾಳಿ ಎದ್ದಿದ್ದರೂ ಗೋಣಿ ಅದನ್ನು ಒಳಗೆ ಬಿಡಲಿಲ್ಲ. ಅವರು ಬೆವರಿ ಎದ್ದು, "ಬಿಚ್ಚೋ ಹೊತ್ತು ತಪ್ಪಿತು ನೋಡ್ರಿ" ಅಂದರು. ಮನೆಯ ಮಾತು ಅಲ್ಲಿಗೆ ನಿಂತಿತು. ರುದ್ರಪ್ಪನವರು ಶಿಕಾರಿಪುರದಲ್ಲೇ ಬೇರೆ ಮನೆ ನೋಡಿಕೊಂಡರಂತೆ.

ಹಾಲಮ್ಮನನ್ನು ಕೇಳಿದೆ. ಕಟ್ಟುವುದನ್ನು ಅವಳು ನೋಡಿದ್ದಾಳೆ, ಬಿಚ್ಚುವುದನ್ನು ನೋಡಿಲ್ಲ. ಆ ಹೊತ್ತಿಗೆ ಅವಳು ಡೈರಿಗೆ ಹಾಲು ಹಾಕಲು ಹೋಗಿರುತ್ತಿದ್ದಳು. ಮಗಳಿಗೂ ನೆನಪಿಲ್ಲ. ನಾನು ಈಗಲೂ ದಿನಾ ಒಂದೊಂದು ಹೊತ್ತಿಗೆ ಬಿಚ್ಚಿ ನೋಡುತ್ತೇನೆ. ಮೂರಕ್ಕೆ ಬಿಚ್ಚಿದರೆ ಬಿಸಿಲು ಒಳಗೆ ಬರುತ್ತದೆ, ಐದಕ್ಕೆ ಬಿಚ್ಚಿದರೆ ಹಬೆ ಉಳಿಯುತ್ತದೆ, ನಡುವೆ ಬಿಚ್ಚಿದರೆ ಎರಡೂ ಅಷ್ಟಷ್ಟು. ಮನೆ ಮಾರಾಟವಾಗಿಲ್ಲ. ಗೋಣಿ ಇದೆ, ಹುಲ್ಲು ಇದೆ, ಬಾವಿಯಲ್ಲಿ ನೀರಿದೆ. ಯಾವಾಗ ಬಿಚ್ಚಬೇಕು ಎಂದು ಕೇಳಲು ಅವಳಿಲ್ಲ.