ಕೋಟೆಗೆ ಹೇಳಿ ಬಂದ ಮಾತು

ದೆವ್ವ, ಭೂತ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಕಾಫಿ ಮಾಡಲು ಹೋಗುವವಳು ನಾನು. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಅಂತ ಅಲ್ಲಿ ದಿನಾ ವಾದ ಮಾಡುತ್ತೇನೆ. ಈಗ ಹೇಳುವುದನ್ನು ನೀವು ನಂಬಲೇಬೇಕು ಅಂತ ನನ್ನ ಹಟವೇನಿಲ್ಲ. ನಾನು ಅಲ್ಲಿದ್ದೆ, ಕಣ್ಣಾರೆ ನೋಡಿದೆ, ಅಷ್ಟೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಮಾಲ್ಮೋದಲ್ಲಿದ್ದ ನನ್ನ ಅಕ್ಕನಿಗೆ ಸ್ಕಾಟ್ಲೆಂಡಿನ ಹಳೇ ಕೋಟೆಗಳನ್ನೆಲ್ಲ ಕಾರಿನಲ್ಲಿ ಸುತ್ತಬೇಕು ಅನ್ನುವುದು ಮದುವೆಯಾದಾಗಿನ ಆಸೆ. ಆಗ ಅವಳಿಗೂ ಭಾವನಿಗೂ ಬಾಯಿ ತೆರೆದರೆ ಜಗಳ. ಈ ಪ್ರವಾಸದಿಂದಲಾದರೂ ಸಂಸಾರ ಸರಿಹೋದೀತು ಅಂತ ಅಕ್ಕ ಆಸೆಪಟ್ಟಿದ್ದಳು, ಜೊತೆಗಿರಲಿ ಅಂತ ನನ್ನನ್ನೂ ಕರೆದಳು. ಟಿಕೆಟ್ಟು, ಹೋಟೆಲು ಎಲ್ಲ ಭಾವನ ಜವಾಬ್ದಾರಿ. ಮಾಲ್ಮೋಗೆ ಹತ್ತಿರದ ಕೋಪನ್‌ಹೇಗನ್ ಏರ್‌ಪೋರ್ಟಿನ ಕೌಂಟರಿನಲ್ಲಿ ನಮ್ಮನ್ನು ನಿಲ್ಲಿಸಿದರು. ಸ್ವೀಡನ್ನಿನಲ್ಲಿ ವಾಸಕ್ಕೆ ಕೊಟ್ಟ ಪರ್ಮಿಟ್ ಕಾರ್ಡ್ ಬ್ರಿಟನ್ನಿಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ವೀಸಾ ಬೇಕಂತೆ. ಭಾವ ಅದನ್ನು ನೋಡೇ ಇರಲಿಲ್ಲ. ತಪ್ಪು ಅವರದು, ಬೈಸಿಕೊಂಡವಳು ಅಕ್ಕ. "ಆಸೆ ನಿಂದು ತಾನೆ? ನೀನಾದ್ರೂ ವಿಚಾರಿಸಬಾರದಿತ್ತಾ?"

ರಜೆ ಹಾಕಿದ್ದಾಗಿತ್ತಲ್ಲ, ಸ್ವೀಡನ್ನಿನ ಕೋಟೆಗಳನ್ನೇ ನೋಡೋಣ ಅಂತ ಭಾವನ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ವೆಟ್ಟರ್ನ್ ಸರೋವರದ ಪಕ್ಕದ ರಸ್ತೆ, ನಿಜಕ್ಕೂ ಚೆಂದ. "ಸ್ಕಾಟ್ಲೆಂಡೂ ಹೀಗೇ ಇರುತ್ತೆ ಬಿಡು" ಅಂದರು ಭಾವ. ಅಕ್ಕ ಕಿಟಕಿಯ ಕಡೆ ತಿರುಗಿ ಕೂತಳು.

ಸಂಜೆ ಒಂದು ಪಾಳು ಕೋಟೆ ಸಿಕ್ಕಿತು. ಚಾವಣಿಯಿಲ್ಲ, ಜನವಿಲ್ಲ, ನಾಲ್ಕು ಗೋಡೆ ಅಷ್ಟೆ. ಅಲ್ಲೇ ಬೆಂಚಿನ ಮೇಲೆ ಫ್ಲಾಸ್ಕಿನ ಕಾಫಿ, ಚಕ್ಕುಲಿ ಮುಗಿಸಿ ಎದ್ದೆವು. ಹೊರಡುವಾಗ ಅಕ್ಕ ಗೋಡೆಯನ್ನು ಮೆಲ್ಲಗೆ ತಟ್ಟಿ "ಹೋಗ್ಬರ್ತೀವಪ್ಪಾ" ಅಂದಳು. ನಮ್ಮ ಮನೆಯಲ್ಲಿ ಬರಿ "ಹೋಗ್ತೀನಿ" ಅಂದರೆ ಅಮ್ಮ ಬಾಯಿಗೆ ಹೊಡೆಯುತ್ತಿದ್ದಳು, ಹಾಗೆ ಅನ್ನುವುದು ಸತ್ತವರ ಮನೆಯಲ್ಲಿ ಮಾತ್ರ. ಬಸ್ಸಿನಿಂದಿಳಿದರೂ ಹೋಗ್ಬರ್ತೀನಿ ಅನ್ನುವವಳು ನನ್ನಕ್ಕ. "ಕಲ್ಲಿಗೂ ಹೇಳ್ತಾಳೆ ನೋಡು, ಹುಚ್ಚಿ" ಅಂತ ಭಾವ ನಕ್ಕರು.

ಹೈವೇಗೆ ಹೋಗುವ ರಸ್ತೆ ಒಂದೇ, ತಿರುವುಗಳಿಲ್ಲ. ಕಾಡು ಮುಗಿಯುತ್ತಿದ್ದ ಹಾಗೆ ಎದುರಿಗೆ ಮತ್ತೆ ಅದೇ ಕೋಟೆ. ಬೆಂಚಿನ ಮೇಲೆ ನಾವು ಮರೆತಿದ್ದ ಚಕ್ಕುಲಿ ಡಬ್ಬಿ ಹಾಗೇ ಇತ್ತು. ಭಾವ ಬೈಯುತ್ತಾ ಮತ್ತೆ ಹೊರಟರು, ಮತ್ತೆ ಅಲ್ಲಿಗೇ ಬಂದರು. ಆಮೇಲೆ ಸ್ಟಿಯರಿಂಗ್ ನಾನೇ ಹಿಡಿದೆ. ಸರೋವರ ಬಲಗಡೆಯಿಂದ ಒಮ್ಮೆಯೂ ಕದಲಲಿಲ್ಲ, ನಾನು ಎಲ್ಲೂ ತಿರುಗಲಿಲ್ಲ, ಮ್ಯಾಪಿನಲ್ಲಿ ನಾವು ಮುಂದೆ ಮುಂದೆ ಹೋಗುತ್ತಲೇ ಇದ್ದೆವು. ಆದರೂ ಬಂದಿದ್ದು ಅಲ್ಲಿಗೇ. ಇಲ್ಲಿ ಜೂನ್ ತಿಂಗಳಲ್ಲಿ ಕತ್ತಲಾಗುವುದು ಬಹಳ ತಡ, ಇನ್ನೂ ಬೆಳಕಿತ್ತು, ಕತ್ತಲಿನ ಭ್ರಮೆ ಅನ್ನುವ ಹಾಗೂ ಇಲ್ಲ.

"ಬರ್ತೀವಿ ಅಂತ ಹೇಳಿದ್ದು ನೀನೇ ತಾನೆ?" ಭಾವ ಅಕ್ಕನ ಮೇಲೆ ರೇಗಿದರು. "ಇಳಿ. ನಾವು ಹೋಗ್ತೀವಿ, ಇನ್ನು ಬರಲ್ಲ ಅಂತ ಹೇಳಿ ಬಾ."

"ಹಾಗೆಲ್ಲ ಅನ್ನಬಾರದು ರೀ."

"ಹೇಳು ಅಂದ್ರೆ ಹೇಳಬೇಕು!"

ಅಕ್ಕ ಇಳಿದಳು. ಗೋಡೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಿದ್ದಳು. ಭಾವ ಮ್ಯಾಪಿನಲ್ಲಿ ಮುಳುಗಿದ್ದರು. ಕಿಟಕಿ ತೆರೆದಿದ್ದ ನನಗೆ ಮಾತ್ರ ಕೇಳಿಸಿತು. "ನಾನು ಹೋಗ್ತೀನಿ. ಇನ್ನು ಬರಲ್ಲ." "ನಾವು" ಅನ್ನಲಿಲ್ಲ ಅವಳು.

ಕಾರು ಹೊರಟ ಸ್ವಲ್ಪ ಹೊತ್ತಿಗೆ ಹೈವೇಯ ಲಾರಿಗಳು ಕಂಡವು. "ನೋಡಿದ್ಯಾ? ನಾನು ಹೇಳಿದ ಹಾಗೆ ಕೇಳಿದ್ರೆ ಎಲ್ಲ ಸರಿಹೋಗುತ್ತೆ" ಅಂದರು ಭಾವ. ಸಿಟ್ಟಿಗೆ ನನ್ನ ಮೈಯೆಲ್ಲ ಉರಿಯಿತು.

ಚಳಿಗಾಲಕ್ಕೆ ಮುಂಚೆ ಅವಳು ದೂರದ ಉತ್ತರದಲ್ಲಿರುವ ಸ್ಯಾಂಡ್‌ವಿಕೆನ್‌ನಲ್ಲಿ ಕೆಲಸ ಹಿಡಿದಳು. ಸಾಮಾನು ಸಾಗಿಸಲು ನಾನು ಕಾರು ತಂದಿದ್ದೆ. ಬಾಗಿಲಲ್ಲಿ ಶೂ ಹಾಕಿಕೊಂಡು, ಕೋಟೆಯ ಗೋಡೆಗೆ ಹೇಳಿದ ಅದೇ ದನಿಯಲ್ಲಿ "ಹೋಗ್ತೀನಿ" ಅಂದಳು. ಸೋಫಾದಲ್ಲಿ ಕೂತಿದ್ದ ಭಾವ, ಅಭ್ಯಾಸ ಬಲ ನೋಡಿ, "ಹೂಂ, ಹೋಗ್ಬಾ" ಅಂದರು. ಅಂದಮೇಲೆ ತಲೆಯೆತ್ತಿ ನೋಡಿದರು. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಆಮೇಲೆ ನಾನೊಬ್ಬಳೇ ಆ ರಸ್ತೆಯಲ್ಲಿ ಹೋಗಿ ನೋಡಿದ್ದೇನೆ. ಕೋಟೆ ಇದೆ, ದಾಟಿದರೆ ನೇರ ಹೈವೇ. ಆ ಸಂಜೆ ನಮ್ಮನ್ನು ಹಿಡಿದಿಟ್ಟಿದ್ದು ಏನು, ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಡುವಾಗ ಆ ಗೋಡೆಯ ಮುಂದೆ ನಿಂತೆ. ಯಾವ ಮಾತು ಹೇಳಲೂ ಧೈರ್ಯ ಬರಲಿಲ್ಲ, ಸುಮ್ಮನೆ ಬಂದು ಕಾರು ಹತ್ತಿದೆ.