ಹೇಳದೆ ಬಿಟ್ಟುಬಂದ ಮಗ್ಗ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಬಾಗಿಲಿಗೆ ನೀರು ಚೆಲ್ಲುವ ಸಪ್ಪಳ, ಎಲ್ಲೋ ಒಂದು ರಾಟೆ ಕಿರುಗುಟ್ಟುವ ಸದ್ದು, ಅಷ್ಟೆ. ಗೋಪಾಲಪ್ಪನ ನಡುಮನೆಯಲ್ಲಿ, ಗುಂಡಿ ಮಗ್ಗದ ಹಿಂದೆ, ಅಮ್ಮಯಮ್ಮ ಆಗಲೇ ಕಾಲು ಮಡಿಸಿ ಕೂತುಬಿಟ್ಟಿದ್ದಾಳೆ. ಪಕ್ಕದಲ್ಲಿ ತೆಂಗಿನ ಚಿಪ್ಪಿನ ತುಂಬ ಒಲೆಯ ಬೂದಿ. ಹೆಬ್ಬೆರಳನ್ನೂ ತೋರುಬೆರಳನ್ನೂ ಅದರಲ್ಲಿ ಅದ್ದುತ್ತಾಳೆ, ಒಂದು ಹಳೆಯ ಎಳೆಗೆ ಒಂದು ಹೊಸ ಎಳೆ ತಾಗಿಸಿ ಹೊಸೆಯುತ್ತಾಳೆ, ಬಿಡುತ್ತಾಳೆ. ಗಂಟಿಲ್ಲ, ಅಂಟಿಲ್ಲ. ಕಣ್ಣಿಟ್ಟು ನೋಡಿದರೂ ಎರಡು ಎಳೆ ಎಲ್ಲಿ ಒಂದಾದವೆಂದು ಗೊತ್ತಾಗುವುದಿಲ್ಲ.

ಇದಕ್ಕೆ ಇಲ್ಲಿಯವರು ಕೆಚ್ಚುವುದು ಎನ್ನುತ್ತಾರೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ನೇಕಾರ ಸೀರೆಯನ್ನು ಕತ್ತರಿಸಿಕೊಳ್ಳುತ್ತಾನೆ. ಆದರೆ ಹಾಸಿನ ತುದಿಯನ್ನು ಒಂದು ಮೊಳದಷ್ಟು, ಬಾಚಣಿಗೆಯಂತೆ ಹಲ್ಲುಹಲ್ಲಾಗಿರುವ ಅಚ್ಚಿನಲ್ಲೇ ಬಿಡುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಯ ಒಂದೊಂದು ಎಳೆಗೆ ಕೆಚ್ಚಿ ಮೆಲ್ಲಗೆ ಎಳೆದರೆ, ಹಳೆಯದರ ಹಿಂದೆ ಹೊಸದು ಅಚ್ಚಿನ ಸಂದುಗಳಲ್ಲಿ ತಾನಾಗಿ ನುಸುಳಿ ಬರುತ್ತದೆ. ಒಂದು ಹಾಸಿನಲ್ಲಿ ಎರಡು ಸಾವಿರದ ನಾನೂರು ಎಳೆ. ಬೆಳಕು ಹರಿಯುವಾಗ ಕೂತರೆ ಅಮ್ಮಯಮ್ಮ ಏಳುವುದು ಹೊತ್ತು ಇಳಿದ ಮೇಲೆ. ವಾರಕ್ಕೆ ನಾಲ್ಕು ಹಾಸು, ಕೆಲವು ವಾರ ಐದು. ಸೀರೆ ಉಟ್ಟವರು ನೇಯ್ದವನನ್ನಾದರೂ ನೆನೆದಾರು. ಕೆಚ್ಚಿದವಳನ್ನು ನೆನೆಯುವವರು ಯಾರು?

"ಅಮ್ಮಯಮ್ಮ ಬಂದು ಕೂತ್ಲು ಅಂದ್ರೆ ಈ ಮನೇಲಿ ಯಾರೂ ಸೀನೋ ಹಂಗಿಲ್ಲ" ಎನ್ನುತ್ತಾನೆ ಗೋಪಾಲಪ್ಪ, ಹಲ್ಲುಜ್ಜುತ್ತ.

"ಸೀನು ಗೋಪಾಲಣ್ಣ, ಯಾರು ಬೇಡ ಅಂದ್ರು? ಅತ್ಲಾಗೆ ತಿರುಗ್ಕೊಂಡು ಸೀನು."

ಅಮ್ಮಯಮ್ಮನಿಗೆ ಈಗ ಮೂವತ್ತೈದರ ಆಸುಪಾಸು. ಗಂಡ ಮುನಿಶಾಮಪ್ಪ ಗಾಡಿ ಹೊಡೆಯುತ್ತಾನೆ. ಒಬ್ಬಳೇ ಮಗಳನ್ನು ಅರಿಶಿನಕುಂಟೆಗೆ ಕೊಟ್ಟಿದ್ದಾರೆ. ಊರಿನ ಮೂರು ಬೀದಿಗಳಲ್ಲಿ ಅವಳು ಕೆಚ್ಚದ ಮಗ್ಗವಿಲ್ಲ, ಒಂದನ್ನು ಬಿಟ್ಟು. ಅದು ಮೇಲಿನ ಬೀದಿಯ ಲಕ್ಷ್ಮೀದೇವಮ್ಮನವರ ಮನೆಯ ಮಗ್ಗ. ಆ ಮನೆಯ ಮುಂದೆ ಹಾದುಹೋಗಬೇಕಾದಾಗ ಅವಳು ಹಿತ್ತಲ ಓಣಿ ಹಿಡಿಯುತ್ತಾಳೆ. ಹದಿನೇಳು ವರ್ಷದಿಂದ ಹಾಗೇ. "ಊರಿಗೆಲ್ಲ ನೆಟ್ಟಗಿರೋ ದಾರಿ ಇವಳೊಬ್ಬಳಿಗೆ ಸುತ್ತು" ಎಂದು ಮುನಿಶಾಮಪ್ಪ ರೇಗಿಸುತ್ತಾನೆ. ಆದರೆ ಓಣಿಯಲ್ಲಿ ಅವಳು ಬೇಗ ಬೇಗ ನಡೆಯುವುದಿಲ್ಲ.

"ಆ ಮಗ್ಗದ ಸದ್ದು ನಂಗೆ ಗೊತ್ತಾಗ್ತದೆ" ಎನ್ನುತ್ತಾಳೆ, ಕಣ್ಣನ್ನು ಎಳೆಯಿಂದ ಎತ್ತದೆ. "ಲಾಳಿ ಬಲಕ್ಕೆ ಹೋದಾಗ ಒಂಚೂರು ತಡೆದು ಹೋಗ್ತದೆ. ನಾನು ಚಿಕ್ಕೋಳಿದ್ದಾಗ್ಲೂ ಹಂಗೇ ಇತ್ತು. ಇನ್ನೂ ಯಾರೂ ಸರಿ ಮಾಡಿಲ್ಲ ನೋಡಿ."

ಅವಳು ಹುಟ್ಟಿದ್ದು ಸಾಸಲಿನ ಕಡೆ, ರಾಗಿ ಬೆಳೆಯುವ ಮನೆಯಲ್ಲಿ. ಅಪ್ಪ ತೀರಿಕೊಂಡಾಗ ಒಂಬತ್ತು ವರ್ಷ. ಚಿಕ್ಕಮ್ಮ ಕರೆತಂದು ಲಕ್ಷ್ಮೀದೇವಮ್ಮನವರ ಮನೆಯಲ್ಲಿ ಬಿಟ್ಟಳು. ಮೊದಲು ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಅಂಗಳ ಗುಡಿಸುವುದು. ಹನ್ನೆರಡು ತುಂಬಿದ ವರ್ಷ ಲಕ್ಷ್ಮೀದೇವಮ್ಮ ಅವಳ ಬೆರಳನ್ನು ತಮ್ಮ ಬೆರಳ ನಡುವೆ ಹಿಡಿದು ಕೆಚ್ಚುವುದನ್ನು ಕಲಿಸಿದರು. "ಕೈ ಹಿಡಿದು ಕಲಿಸಿದ್ರು ಅಂತ ಎಲ್ರೂ ಹೇಳ್ತಾರಲ್ಲ, ನನಗೆ ನಿಜವಾಗ್ಲೂ ಕೈ ಹಿಡಿದೇ ಕಲಿಸಿದ್ರು. ಅವ್ರ ಹೆಬ್ಬೆರಳು ನನ್ನ ಬೆರಳಿನ ಮೇಲೆ ಹಿಂಗೆ ಒತ್ತಿರೋದು. ಬೆಚ್ಚಗಿರೋದು." ರಾತ್ರಿ ಮಲಗುತ್ತಿದ್ದುದೂ ಅವರ ಸೆರಗಿನ ಪಕ್ಕದಲ್ಲೇ.

ಹದಿನೇಳನೆಯ ವಯಸ್ಸಿನಲ್ಲಿ ಸಾಸಲಿನಿಂದ ಸುದ್ದಿ ಬಂತು: ಅಮ್ಮನಿಗೆ ಜ್ವರ, ಉಳಿಯುವ ಹಾಗಿಲ್ಲ. ಮಗ್ಗದ ಮೇಲಿನ ಹಾಸು ಹಿಂದಿನ ದಿನವಷ್ಟೇ ಮುಗಿದಿತ್ತು. ದೇವನಹಳ್ಳಿಯ ಕಡೆಯ ದೊಡ್ಡ ಮನೆಯೊಂದರ ಮದುವೆಗೆ ಸೀರೆಗಳಾಗಬೇಕಿತ್ತು, ಬೆಳಗಾದರೆ ಹೊಸ ಹಾಸು ಕೆಚ್ಚಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಹುಡುಗಿ ಹೆದರಿದಳು. ಕೇಳಲೇ ಇಲ್ಲ.

ಸುಮ್ಮನೆ ಎದ್ದು ಹೋಗಿದ್ದರೂ ಅಷ್ಟು ಕೆಡುಕಾಗುತ್ತಿರಲಿಲ್ಲವೇನೊ. ಬೇಸಾಯದ ಮನೆಯ ಹುಡುಗಿ. ಕೆಲಸ ಬಿಟ್ಟು ಹೋಗುವ ಆಳು ಕೊಟ್ಟಿಗೆ ಗುಡಿಸಿ, ನೊಗ ಒರಸಿ, ಹಗ್ಗ ಸುತ್ತಿಟ್ಟು ಹೋಗುವುದನ್ನು ನೋಡಿ ಬೆಳೆದವಳು. ಹೇಳದೆ ಹೋಗುತ್ತಿದ್ದೇನೆ, ಚೊಕ್ಕಟವಾಗಿಯಾದರೂ ಹೋಗೋಣ ಅಂದುಕೊಂಡಳು. ನಸುಕಿನಲ್ಲಿ ಎದ್ದು, ಅಚ್ಚಿನಲ್ಲಿ ಜೋತಾಡುತ್ತಿದ್ದ ಹಳೆಯ ತುದಿಗಳನ್ನೆಲ್ಲ ಸೆಳೆದು ತೆಗೆದಳು. ಕೆಚ್ಚಲು ಆ ತುದಿಗಳೇ ಬೇಕೆಂಬುದು ಅಮ್ಮನ ಚಿಂತೆಯಲ್ಲಿ ಹೊಳೆಯಲೇ ಇಲ್ಲ. ಅಚ್ಚನ್ನು ಒರಸಿ ನೇತುಹಾಕಿದಳು. ಕಸ ಗುಡಿಸಿ ಹೊರಟುಹೋದಳು.

ಕೆಚ್ಚಲು ತುದಿಯೇ ಇಲ್ಲದ ಅಚ್ಚು! ಎರಡು ಸಾವಿರದ ನಾನೂರು ಎಳೆಗಳನ್ನೂ ಒಂದೊಂದಾಗಿ ಹೊಸದಾಗಿ ಪೋಣಿಸಬೇಕಾಯಿತು. ಒಂಬತ್ತು ದಿನ ಮಗ್ಗ ಮೂಕವಾಗಿತ್ತು. ಮದುವೆಯ ಸೀರೆಗಳು ಬೇರೆ ಮನೆಯ ಪಾಲಾದವು, ಆಮೇಲೆ ಆ ದೊಡ್ಡ ಮನೆಯವರು ಇತ್ತ ತಲೆ ಹಾಕಲಿಲ್ಲ. ಅಮ್ಮಯಮ್ಮನ ತಾಯಿ ಇಪ್ಪತ್ತು ದಿನಕ್ಕೆ ಕಣ್ಣು ಮುಚ್ಚಿದರು. ಸೋದರಮಾವ ಅವಳನ್ನು ಮುನಿಶಾಮಪ್ಪನಿಗೆ ಕೊಟ್ಟು ಮದುವೆ ಮಾಡಿದ. ಗಂಡನ ಮನೆ ಇದ್ದದ್ದು ಇದೇ ಊರಿನಲ್ಲಿ, ಎರಡು ಬೀದಿ ಆಚೆ. ಬಂದ ವಾರದಲ್ಲೇ ಮಗ್ಗದ ಕತೆ ಅವಳ ಕಿವಿಗೆ ಬಿತ್ತು. ಆಮೇಲೆ ಆ ಬಾಗಿಲಿಗೆ ಹೋಗಲು ಕಾಲು ಬರಲಿಲ್ಲ. ಅವರೂ ಹೇಳಿಕಳಿಸಲಿಲ್ಲ.

"ಹೋಗಿದ್ದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹೆತ್ತ ತಾಯಿ. ಆದ್ರೆ ಕೇಳಿದ್ರೆ ಲಕ್ಷ್ಮೀದೇವಮ್ಮ ಹೋಗು ಅಂತಿದ್ರೋ ಬೇಡ ಅಂತಿದ್ರೋ, ಅದು ನನಗೆ ಗೊತ್ತಾಗದಂಗೇ ಉಳ್ಕೊಂತು. ಅನ್ನ ಉಣ್ಣೋವಾಗ ಒಂದೊಂದ್ಸಲ ಅದೇ ಯೋಚ್ನೆ. ಹೋಗು ಅಂತಿದ್ರೇನೋ. ಕೈಗೆ ಬುತ್ತಿ ಕಟ್ಟಿ ಕೊಡ್ತಿದ್ರೇನೋ."

ಇಂದು ಹೊತ್ತು ನೆತ್ತಿಗೇರುವ ಮೊದಲು ಗೋಪಾಲಪ್ಪನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ. ಗಂಗಲಕ್ಷ್ಮಮ್ಮ, ಲಕ್ಷ್ಮೀದೇವಮ್ಮನವರ ಸೊಸೆ. ಓಡಿ ಬಂದಿದ್ದಾಳೆ, ಏದುಸಿರು.

"ಅಮ್ಮಯಮ್ಮ ಇಲ್ಲಿದ್ದಾರಾ? ಅತ್ತೆ ಕರೀತಾರೆ. ಈಗ್ಲೇ ಬರ್ಬೇಕಂತೆ."

ಆ ಮನೆಗೆ ಕೆಚ್ಚುತ್ತಿದ್ದವನು ಒಬ್ಬ ಹುಡುಗ. ಯುದ್ಧ ಶುರುವಾದಾಗಿನಿಂದ ಈ ಊರಿನಲ್ಲಿ ನೂಲಿಗೂ ಬರ, ಆಳಿಗೂ ಬರ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಜನ ತೆಗೆದುಕೊಳ್ಳುತ್ತಾರೆಂದು ಸುದ್ದಿಯಾದರೆ ಸಾಕು, ಬೆಳಗಾಗುವಷ್ಟರಲ್ಲಿ ಒಂದು ಮನೆಯ ಜಗಲಿ ಖಾಲಿ. ಆ ಹುಡುಗನೂ ನಿನ್ನೆ ಹಾಗೇ ಹೋಗಿದ್ದಾನೆ, ಯಾರಿಗೂ ಒಂದು ಮಾತು ಹೇಳದೆ. ಇವತ್ತು ಕೆಚ್ಚಬೇಕಾದ ಹಾಸು ಬಿಚ್ಚಿಟ್ಟುಕೊಂಡು ಲಕ್ಷ್ಮೀದೇವಮ್ಮ ಕೂತಿದ್ದಾರೆ.

ಅಮ್ಮಯಮ್ಮನ ಬೆರಳು ಬೂದಿಯಲ್ಲೇ ನಿಲ್ಲುತ್ತದೆ. "ಯಾರನ್ನ ಕರಿ ಅಂದ್ರು?"

"ನಿಮ್ಮನ್ನೇ. 'ಹೋಗಿ ಅವಳನ್ನ ಕರಿ' ಅಂದ್ರು. ಹೆಸರು ಹೇಳ್ಲಿಲ್ಲ. ಅವಳು ಅಂದ್ರೆ ನೀವೇ ಅಂತ ಮನೇಲಿ ಎಲ್ರಿಗೂ ಗೊತ್ತು."

ಕೆಚ್ಚಿದ್ದು ಸಾವಿರದ ಚಿಲ್ಲರೆ ಎಳೆ. ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಅಮ್ಮಯಮ್ಮ ಗೋಪಾಲಪ್ಪನ ಕಡೆ ತಿರುಗುತ್ತಾಳೆ. ಅವಳ ದನಿ ಹುಡುಗಿಯ ದನಿಯ ಹಾಗಿದೆ.

"ಗೋಪಾಲಣ್ಣ, ಹೋಗ್ಲಾ?"

ಗೋಪಾಲಪ್ಪ ಒಳ್ಳೆಯವನು. ತಲೆ ಕೆರೆದುಕೊಳ್ಳುತ್ತಾನೆ, ಹಾಸನ್ನು ನೋಡುತ್ತಾನೆ. "ಬೇಡ ಕಣಮ್ಮ. ನಿಷ್ಠೂರ ಅಂದ್ಕೋಬೇಡ. ಅರ್ಧಕ್ಕೆ ಬಿಟ್ರೆ ಹೊಸೆದಿದ್ದೆಲ್ಲ ಬಿಚ್ಕೊಳ್ತದೆ. ಮನೆ ತುಂಬ ಮಕ್ಳು, ಯಾರಾದ್ರೂ ಎಡವಿದ್ರೆ ಮುಗೀತು. ಮುಗಿಸಿ ಹೋಗು."

ಅವಳು ಎದ್ದು ಹೋಗಬಹುದಿತ್ತು. ಕೈ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಹದಿನೇಳು ವರ್ಷ ಕಾದ ಕರೆ ಹೊಸ್ತಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದೆ. ಸಂಜೆಯವರೆಗೆ ಆ ಮನೆಯವರು ಕಾಯುತ್ತಾರೆಯೇ?

"ಹೋಗಿ ಹೇಳಮ್ಮ" ಎನ್ನುತ್ತಾಳೆ ಗಂಗಲಕ್ಷ್ಮಮ್ಮನಿಗೆ. "ಬರ್ತಾಳೆ ಅನ್ನು. ಸಾಯಂಕಾಲ ಆಗ್ತದೆ ಅಂತ್ಲೂ ಅನ್ನು. ಎರಡೂ ಹೇಳ್ಬೇಕು, ಒಂದನ್ನ ಹೇಳಿ ಇನ್ನೊಂದನ್ನ ನುಂಗ್ಬೇಡ."

ಮತ್ತೆ ಎಳೆಗೆ ಬಾಗುತ್ತಾಳೆ. ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಆರಿಹೋಗುತ್ತದೆ. ಬೆರಳಿಗೆ ಅವಸರವಿದೆ, ಅವಸರ ಮಾಡಿದರೆ ಎಳೆ ಜಾರುತ್ತದೆ. ಜಾರಿದ್ದನ್ನು ಹುಡುಕಿ ಮತ್ತೆ ಹೊಸೆಯಬೇಕು. ಎರಡು ಸಲ ಹಾಗಾದ ಮೇಲೆ ಬೆರಳು ಒರೆಸಿಕೊಂಡು ಹೊಸದಾಗಿ ಬೂದಿ ಅದ್ದಿಕೊಳ್ಳುತ್ತಾಳೆ, ಮತ್ತೆ ಎಂದಿನ ವೇಗಕ್ಕೆ ಬರುತ್ತಾಳೆ. ಕೊನೆಯ ಎಳೆ ಕೂಡಿದಾಗ ಬಿಸಿಲು ಜಗಲಿಯಿಂದ ಇಳಿದಿದೆ. ಗೋಪಾಲಪ್ಪನ ಜೊತೆ ನಿಂತು ಹಾಸನ್ನು ಅಚ್ಚಿನಿಂದ ದಾಟಿಸಿ, ಒಂದೂ ತುಂಡಾಗಿಲ್ಲವೆಂದು ತೋರಿಸಿ, "ಬರ್ತೀನಿ ಗೋಪಾಲಣ್ಣ" ಎಂದು ಹೇಳಿ ಹೊರಡುತ್ತಾಳೆ. ಈ ಸಲ ಓಣಿಯಲ್ಲಿ ಅಲ್ಲ, ಬೀದಿಯಲ್ಲಿ.

ಲಕ್ಷ್ಮೀದೇವಮ್ಮನವರ ಮಗ್ಗದ ಹಿಂದೆ ರಾಮಾಂಜಿನಪ್ಪ ಕೂತಿದ್ದಾನೆ. ಕೆಳಗಿನ ಬೀದಿಯ ಮುದುಕ, ಅವಳು ಬರುವುದು ಸಂಜೆಗೆ ಎಂದು ತಿಳಿದ ಕೂಡಲೇ ಕರೆಸಿಕೊಂಡವನು. ಕೈ ನಿಧಾನ, ಆದರೂ ಅರ್ಧದಷ್ಟು ಕೆಚ್ಚಿ ಮುಗಿಸಿದ್ದಾನೆ. ಅಮ್ಮಯಮ್ಮ ಹೊಸ್ತಿಲ ಹೊರಗೇ ನಿಲ್ಲುತ್ತಾಳೆ. ಒಳಗೆ ಕಂಬಕ್ಕೆ ಒರಗಿರುವ ಮುದುಕಿಗೆ ಎಪ್ಪತ್ತು ದಾಟಿದೆ, ಕಣ್ಣು ಮಸಕು.

"ಯಾರೇ ಅದು ಬಾಗಿಲಲ್ಲಿ?" ಕೇಳಿದ್ದು ಸೊಸೆಯನ್ನು.

"ಅಮ್ಮಯಮ್ಮ ಬಂದವ್ರೆ ಅತ್ತೆ."

"ಈಗ ಬಂದ್ಲಂತಾ? ಯಾಕಂತೆ ಇಷ್ಟು ಹೊತ್ತು, ಕೇಳು."

ಸೊಸೆ ಕೇಳುವವರೆಗೆ ಅಮ್ಮಯಮ್ಮ ಕಾಯುವುದಿಲ್ಲ. "ಗೋಪಾಲಪ್ಪನೋರ್ನ ಕೇಳ್ದೆ ಅಮ್ಮ. ಬೇಡ ಅಂದ್ರು. ಮುಗಿಸಿ ಬಂದೆ."

 ರಾಮಾಂಜಿನಪ್ಪನ ಬೆರಳು ಆಡುತ್ತಲೇ ಇದೆ. ಮುದುಕಿ ಈಗ ನೇರ ಬಾಗಿಲಿನ ಕಡೆಗೇ ಮುಖ ತಿರುಗಿಸುತ್ತಾರೆ.

"ಅವತ್ತು ನೀನು ನನ್ನ ಕೇಳಿದ್ರೆ, ನಾನೂ ಬೇಡ ಅಂತಿದ್ದೆ ಕಣೇ."

ಅಮ್ಮಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾಳೆ.

"ಮದುವೆ ಸೀರೆ, ಮಾತು ಕೊಟ್ಟಾಗಿತ್ತು. ಬೇಡ ಅಂತಿದ್ದೆ. ಚೆನ್ನಾಗಿ ಬೈತಿದ್ದೆ. ನೀನು ಅತ್ತು ಕರೆದು ಹೋಗೇ ಹೋಗ್ತಿದ್ದೆ, ನಿನ್ನ ಹಟ ನನಗೆ ಗೊತ್ತಿಲ್ವಾ? ಆದ್ರೆ ಬೈಸ್ಕೊಂಡು ಹೋಗಿದ್ರೆ ತಿರ್ಗಾ ಬರ್ತಿದ್ದೆ ಕಣೇ. ಗುಡಿಸಿ ಒರಸಿ ಹೋದ್ಯಲ್ಲ, ಸತ್ತೋರ ಮನೆ ಚೊಕ್ಕ ಮಾಡ್ದಂಗೆ. ಇನ್ನು ಇವಳು ಬರಲ್ಲ ಅಂತ ನಾನು ಅವತ್ತೇ ಅಂದ್ಕೊಂಡೆ."

"ತಪ್ಪಾಯ್ತು" ಎನ್ನಬೇಕೆಂದು ಹೊರಟಿದ್ದಳು ಅಮ್ಮಯಮ್ಮ. ಬಾಯಿಗೆ ಬಂದದ್ದು ಬೇರೆ.

"ಈಗ ಬೈಯಮ್ಮ."

ಬೈದರು. ದೀಪ ಹಚ್ಚಿ, ಸೊಸೆ ಒಲೆ ಹೊತ್ತಿಸಿ, ರಾಮಾಂಜಿನಪ್ಪ ಕೊನೆಯ ಎಳೆ ಕೂಡಿಸಿ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವವರೆಗೂ ಬೈದರು. ಅಕ್ಕಪಕ್ಕದವರು ಜಗಲಿಗೆ ಬಂದು ನಿಂತು ಕೇಳಿದರು. ಅಮ್ಮಯಮ್ಮ ಹೊಸ್ತಿಲು ದಾಟಿ ಒಳಗೆ ಬಂದು, ಅವರ ಕಾಲ ಬಳಿ ಕೂತು, ಒಂದು ಮಾತೂ ಎದುರಾಡದೆ ಕೇಳಿಸಿಕೊಂಡಳು.

ಮರುದಿನ ಬೆಳಗ್ಗೆ ಬೇರೊಂದು ಮನೆ, ಬೇರೊಂದು ಹಾಸು. ಏನೆಂದರು ಲಕ್ಷ್ಮೀದೇವಮ್ಮ ಎಂದು ಆ ಮನೆಯವರು ಕೆದಕುತ್ತಾರೆ. ಅಮ್ಮಯಮ್ಮ ಬೆರಳನ್ನು ಬೂದಿಗೆ ಅದ್ದುತ್ತಾಳೆ. ಅವಳ ಮುಖದಲ್ಲಿ ಹೊಸ ಸೀರೆ ಉಟ್ಟವಳ ಬಿಂಕವಿದೆ.

"ಹದಿನೇಳು ವರ್ಷದ್ದಲ್ವಾ, ಒಂದೇ ದಿನಕ್ಕೆ ಎಲ್ಲಿ ಮುಗೀತದೆ? ಇನ್ನೂ ಬೈಯೋದಿದೆ, ಬುಧವಾರ ಬಾ ಅಂದವ್ರೆ."